ಸವೆದ ಮೂಗಿನ ಲಕ್ಷ್ಮಿ

...ಅಲ್ಲ ಕಣಕ್ಕ, ನಿಮ್ಮೂರು ಸಾಸಲಿಂದ ಈ ಬಿಸಿಲಲ್ಲಿ ಬಂದಿದ್ದೀಯ, ಮೊದ್ಲು ಕೂತ್ಕೋ. ಕಾಸು ಎಲ್ಲಿಗೂ ಓಡೋಗಲ್ಲ! ನಾಡಿದ್ದು ಮುನಿತಾಯಿ ಮದುವೆ, ಗೊತ್ತು. ಕಳಶದ ಅಕ್ಕಿಯೊಳಗೆ ಅಮ್ಮನ ಲಕ್ಷ್ಮಿ ಕಾಸು ಇಟ್ಟೇ ಹುಡುಗೀನ ಹಸೆಗೆ ಕರ್ಕೊಂಡು ಹೋಗ್ಬೇಕು, ಅದೂ ಗೊತ್ತು. ಅಮ್ಮ ಸಾಯೋವಾಗ ನನ್ನ ಕೈಗೇ ಕೊಟ್ಟು, 'ಪಿಳ್ಳಪ್ಪ, ಇದು ನಿಮ್ಮಕ್ಕನ ಮಗಳಿಗೆ ಕಣೋ' ಅಂದ್ಲಲ್ಲ... ಮರ್ತಿದೀನಾ ನಾನು?

ಅದಕ್ಕೆ ಮುಂಚೆ ಈ ಡಬ್ಬಿ ನೋಡು. ನೋಡಕ್ಕ! ಎಲ್ಲಾ ಬೆಳ್ಳಿ. ಎಲ್ಲಾ ರೋಮಾಪುರಿ ದೊರೆಗಳ ಕಾಲದ್ದು. ಇದು ಸಮುದ್ರ ದಾಟಿ ಬಂದು, ಎಷ್ಟೋ ಕಾಲ ಮಣ್ಣಲ್ಲಿ ಮಲಗಿದ್ದು, ಮಾಕಳಿದುರ್ಗದ ಬುಡದಲ್ಲಿ ದನ ಕಾಯೋನ ಕಾಲಿಗೆ ಸಿಕ್ತು. ಒಂದು ಪಂಚೆ ಕೊಟ್ಟು ಇಸ್ಕೊಂಡೆ. ಯಾಕ್ ನಗ್ತೀಯಾ? ಊರೋರೂ ಹಿಂಗೇ ನಗ್ತಾರೆ. ನಗ್ಲಿ! ನಾವು ಲಕ್ಷ್ಮಿ ಲಕ್ಷ್ಮಿ ಅಂತ ಕುಂಕುಮ ಇಟ್ವಲ್ಲ, ಅದೂ ಲಕ್ಷ್ಮಿ ಅಲ್ಲ ಕಣಕ್ಕ. ಗಂಡಸು! ರೋಮಾಪುರಿ ದೊರೆ! ತಾತ ಬಾವಿ ತೋಡೋವಾಗ ಸಿಕ್ಕಿದ್ದನ್ನ, ಗುಂಗುರು ಕೂದಲು ನೋಡಿ ಹೆಣ್ಣು ಅಂದ್ಕೊಂಡು ದೇವರ ಗೂಡಲ್ಲಿ ಕೂರಿಸಿದ.

ಹ್ಞೂಂ... ಕೊಟ್ಟೆ ಇರು. ತಗೋ. ಇದೇ.

ಯಾಕೆ ಹಂಗೆ ತಿರುವಿ ತಿರುವಿ ನೋಡ್ತೀಯಾ? ಬಾಗಿಲ ಬೆಳಕಿಗೆ ಯಾಕೆ ಹೋಗ್ತೀಯಾ? ಹೊಳೀತೈತೆ ಅಂತಾನಾ? ಹುಣಸೆಹಣ್ಣು ಹಾಕಿ ತಿಕ್ಕಿದೆ, ಅದಕ್ಕೇ. ಮೂಗಿಗೇನಾಗೈತೆ? ಕೊಳೆ ಹೋಯ್ತು, ಮೂಗು ಕಾಣ್ತು, ಅಷ್ಟೇ. ಬೆರಳಲ್ಲಿ ಸವರಬೇಡ... ಅಲ್ಲ, ಸವರು, ನನಗೇನು! ಲೇ ಅಂಜಿನಮ್ಮ, ಮಜ್ಜಿಗೆ ಏನಾಯ್ತೇ? ನಮ್ಮಕ್ಕ ಬಂದು ಎಷ್ಟೊತ್ತಾಯ್ತು, ಹಂಗೇ ನಿಂತವ್ಳೆ!

ಅಕ್ಕ, ಆ ಮೂಗಿನ ಮೇಲಿಂದ ಹೆಬ್ಬೆರಳು ತೆಗಿ. ಬೈಯೋದಾದ್ರೆ ಬೈದ್ಬಿಡು. ಹಿಂಗೆ ನೋಡಬೇಡ.

ಸರಿ! ಅಮ್ಮನ ಕಾಸಿಗೆ ಮೂಗು ಇರ್ಲಿಲ್ಲ. ಸರೀನಾ? ಅಮ್ಮ ಶುಕ್ರವಾರ ಶುಕ್ರವಾರ ಹೆಬ್ಬೆರಳಲ್ಲಿ ಅರಿಶಿನ ತಿಕ್ಕಿ ತಿಕ್ಕಿ ಮೂಗು, ಬಾಯಿ ಎಲ್ಲಾ ನುಣ್ಣಗೆ ಮಾಡಿಟ್ಟಿದ್ಲು. ಬೆಂಗಳೂರಿಂದ ನಾಣ್ಯ ನೋಡೋಕೆ ಬಂದೋರೊಬ್ರು 'ಏನಪ್ಪಾ ಇದು, ಕಾಸೋ ಹುಣಸೆ ಬೀಜವೋ' ಅಂದ್ರು. ನಾಚಿಕೆ ಆಗೋಯ್ತು ಕಣಕ್ಕ. ಬಳ್ಳಾಪುರದ ಪೇಟೇಲಿ ಅಕ್ಕಸಾಲಿ ನರಸಿಂಹಯ್ಯನ ಹತ್ರ ಅದೇ ದೊರೇದು ಇನ್ನೊಂದಿತ್ತು. ನೆನ್ನೆ ಅಚ್ಚು ಹಾಕಿದಂಗೆ! ಅಮ್ಮಂದನ್ನ ಅವನಿಗೆ ಕೊಟ್ಟು ಇದನ್ನ ಬದಲಾಯಿಸ್ಕೊಂಡೆ. ಅದೇ ದೊರೆ, ಅದೇ ಬೆಳ್ಳಿ. ಒಳ್ಳೇದನ್ನೇ ತಂದೆ ತಾನೇ? ನಮ್ಮ ಮನೆ ಲಕ್ಷ್ಮಿಗೆ ಮೂಗು ಬಂದಂಗಾಯ್ತು ಅಂತ ಖುಷಿಯಾಗಿ ಬಂದೆ!

ಎಲ್ಲಿಗೆ? ಈಗ್ಲೇ ಬಳ್ಳಾಪುರಕ್ಕಾ? ಬೇಡಕ್ಕ. ನಾನು ಹೋಗಿ ತರ್ತೀನಿ, ನಾಳೆ... ನಾಡಿದ್ದು ಬೆಳಿಗ್ಗೆ... ಬೇಡ, ಸುಮ್ನೆ ಹೋಗಬೇಡ. ಅಲ್ಲಿ ಇಲ್ಲ ಅದು.

ಯುದ್ಧ ಬಂದ್ಮೇಲೆ ಅಕ್ಕಸಾಲಿಗಳಿಗೆ ಬೆಳ್ಳಿ ಎಲ್ಲಿ ಸಿಗ್ತೈತೆ? ಸವೆದಿದ್ದು, ಮುರಿದಿದ್ದು, ಎಲ್ಲಾನೂ ಮೂಸೆಗೆ ಹಾಕಿ ಕರಗಿಸ್ತಾನೆ ನರಸಿಂಹಯ್ಯ. ಅಮ್ಮಂದನ್ನೂ ಹಾಕ್ಬಿಟ್ಟ. ನನ್ನ ಕಣ್ಣೆದುರೇ. ತಡಿಯಪ್ಪಾ ಅಂದಿದ್ರೆ ಕೈ ತಡೀತಿದ್ದ. ನಾನು ಅನ್ಲಿಲ್ಲ. ಕೈಲಿ ಹೊಸದಿತ್ತಲ್ಲ, ಅದರ ಮೂಗು ನೋಡ್ತಾ ಕೂತಿದ್ದೆ. ಆ ಸವೆದಿದ್ದೆಲ್ಲ ಅಮ್ಮನ ಕೈ ಅಂತ ನನಗೆ... ಹೊಳೀಲೇ ಇಲ್ಲಕ್ಕ. ಈಗ ನೀನು ಹೆಬ್ಬೆರಳು ಇಟ್ಟೆ ನೋಡು, ಆಗ ಹೊಳೀತು.

ಇದನ್ನ ಯಾಕೆ ವಾಪಸ್ ನನ್ನ ಕೈಗೆ ಇಡ್ತೀಯಾ? ಬೇಕಾದ್ರೆ ಡಬ್ಬಿನೇ ತಗೊಂಡು ಹೋಗು... ಸೆರಗು ಬಿಡಿಸ್ಕೋಬೇಡ, ಇರು! ಅಕ್ಕಾ... ಮುನಿತಾಯಿನ ಹಸೆಗೆ ಕೈ ಹಿಡಿದು ಕರ್ಕೊಂಡು ಬರೋನು ಸೋದರಮಾವ ಅಲ್ವಾ? ನಾನಲ್ವಾ?

ನಾನು ಬರ್ಲಾ, ಬೇಡ್ವಾ? ಅದೊಂದು ಹೇಳ್ಬಿಟ್ಟು ಹೋಗಕ್ಕ...