ಬೆಳ್ಳಿ ಕೂತ ಮುಖ

೧೯೫೮ರಲ್ಲಿ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ ಮಾತು. ಬಂಗಾರಮ್ಮನಿಗೆ ಮೂವತ್ತು ದಾಟಿರಲಿಲ್ಲ. ಮುಖ, ಉಗುರು ಎಲ್ಲ ಸ್ಲೇಟಿನ ಬಣ್ಣಕ್ಕೆ ತಿರುಗಿದ್ದವು. ಅವಳ ಚಿಕ್ಕಮ್ಮ ಬಹಳ ದಿನಕ್ಕೆ ಸಿಕ್ಕಿದ್ದಳು.

“ಏನೇ ಇದು, ಈ ಬಣ್ಣ?”

“ಮೂಗು ಸೋರ್ತಿತ್ತಲ್ಲ ಚಿಕ್ಕಮ್ಮ. ಬೆಳ್ಳಿ ಸೇರ್ಸಿದ ಔಷಧಿ ಎರಡು ವರ್ಷ ಮೂಗಿಗೆ ಬಿಟ್ಕೊಂಡೆ.”

“ಈಗ ನಿಲ್ಸಿದ್ರೆ ಹೋಗಲ್ವಾ?”

“ನಿಲ್ಸಿ ವರ್ಷ ಆತು. ಬೆಳ್ಳಿ ಚರ್ಮದೊಳಗೇ ಕೂತೈತಂತೆ. ಸಾಯೋತನಕ ಹಿಂಗೇ ಅಂದ್ರು ಶಿವಮೊಗ್ಗದ ಡಾಕ್ಟ್ರು.”

“ಔಷಧಿ ಕೊಟ್ಟೋರನ್ನ ಕೇಳ್ಲಿಲ್ವಾ?”

“ಕೇಳ್ದೆ. ನೆಗಡಿ ವಾಸಿ ಆತಲ್ಲಮ್ಮ ಅಂದ್ರು.”

“ಬೇರೆಯೋರಿಗೆ ಅಂಟಲ್ಲ ತಾನೆ?”

“ಅಂಟಲ್ಲ, ಚಿಕ್ಕಮ್ಮ.”

ಸೊರಬದ ಬಸ್ಸು ಬಂತು. ಚಿಕ್ಕಮ್ಮ ಮೊದಲು ಹತ್ತಿ ಕಿಟಕಿಯ ಬಳಿ ಕೂತಳು. ಪಕ್ಕದ ಸೀಟಿನ ಮೇಲೆ ತನ್ನ ಗಂಟು ಇಟ್ಟಳು. ಹಿಂದೆ ಹತ್ತಿದ ಬಂಗಾರಮ್ಮ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು.