ನೆಲ ಒರೆಸಿದ ಕ್ಯಾಪ್ಟನ್

ಹುಡುಗಿಯೊಬ್ಬಳು ತೆಗೆದ ಹನ್ನೊಂದು ನಿಮಿಷದ ಬಾಹ್ಯಾಕಾಶ ಚಿತ್ರದ ಕೊನೆಯ ದೃಶ್ಯವನ್ನು ಕಿತ್ತುಹಾಕಿದರೆ ಮಾತ್ರ ತೋರಿಸುತ್ತೇವೆಂದು ಸಿನಿಮಾ ಸಂಘದವರು ಹೇಳಿದರು. ಆ ದೃಶ್ಯದಲ್ಲಿ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಆಗಿದ್ದವಳು ಅವಳ ಅತ್ತೆ, ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಬಸ್ಸಿನ ಸಾಲಿನಲ್ಲಿ ಇಬ್ಬರೂ ನನ್ನ ಮುಂದೆಯೇ ನಿಂತಿದ್ದರು.

"ಏನಂತೆ ಅವರದು?" ಅತ್ತೆ ಕೇಳಿದಳು.

"ಹಡಗು ಬಿಟ್ಟು ಓಡೋ ಕ್ಯಾಪ್ಟನ್ ಯಾವಳಾದ್ರೂ ನೆಲ ಒರೆಸ್ತಾಳಾ ಅಂತ ನಕ್ಕರು."

"ನಮ್ಮ ಆಸ್ಪತ್ರೆ ಬಟ್ಟೆ ಒಗೆಯೋ ಕೋಣೇನೇ ಹಡಗು ಮಾಡಿದ್ದೆಯಲ್ಲೇ. ನೀರು ಚೆಲ್ಲಿತ್ತು, ಕೈ ತಾನಾಗೇ ಹೋಯ್ತು. ಹಿಂದೆ ಬರೋರು ಜಾರಿ ಬಿದ್ರೆ?"

"ಸಿಡಿದುಹೋಗೋ ಹಡಗಿಗೆ ಹಿಂದೆ ಯಾರು ಬರ್ತಾರೆ ಅತ್ತೆ?"

"ಸಿಡಿಯುತ್ತೆ ಅಂತ ನೀನೆಲ್ಲಿ ಹೇಳಿದ್ದೆ?"

ಇಬ್ಬರೂ ನಕ್ಕರು. ಮೊದಲು ನಗು ನಿಲ್ಲಿಸಿದವಳು ಅತ್ತೆ.

"ತೆಗೆದುಬಿಡು ಮಗಳೇ. ಎರಡು ವರ್ಷದ ರಜೆಯೆಲ್ಲ ಇದಕ್ಕೇ ಸುರಿದಿದ್ದೀಯ. ನನ್ನಿಂದ ನಿಂತುಹೋಗೋದು ಬೇಡ."

"ಅತ್ತೆ, ಆ ಹಡಗು ಒಂದು ಸಿನಿಮಾದಿಂದ ಕದ್ದಿದ್ದು. ರೋಬೋ ಇನ್ನೊಂದರಿಂದ. ಮಾತುಗಳೂ ಅವರಿವರದೇ. ಅದನ್ನೆಲ್ಲ ಚೆನ್ನಾಗಿದೆ ಅಂದ್ರು."

"ಮತ್ತೆ?"

"ಎಲ್ಲಿಂದಲೂ ಕದೀದೇ ಇರೋದು ನಿನ್ನ ಆ ಅರ್ಧ ನಿಮಿಷ ಒಂದೇ."

ಬಸ್ಸು ಬಂತು. ಅತ್ತೆ ಅವಳ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು.

"ದೊಡ್ಡವರ ಮಾತು ಕೇಳು. ಮನೆಗೆ ಹೋದ ಕೂಡ್ಲೇ ಕತ್ತರಿಸು."

ಹುಡುಗಿ ಅತ್ತೆಯ ಕೈಚೀಲ ತೆಗೆದುಕೊಂಡು, ಮೊದಲು ಅವಳನ್ನೇ ಬಸ್ಸು ಹತ್ತಿಸಿದಳು.

"ಕತ್ತರಿಸಲ್ಲ," ಅಂದಳು.