ಅರ್ಧ ಮೈದಾನದಲ್ಲಿ ಎಂಟು

ನಡುವಿನ ಕುರ್ಚಿಯಲ್ಲಿ ಕುಳಿತು ಈ ಸಭೆಗೆ ಗಾಂಭೀರ್ಯ ತಂದಿರುವ ಪುರಸಭೆಯ ಅಧ್ಯಕ್ಷರೇ, ಅವರ ಬಲಕ್ಕಿರುವ ಮುಖ್ಯಾಧಿಕಾರಿಗಳೇ, ಇಂದಿನ ಸನ್ಮಾನಕ್ಕೆ ಕಷ್ಟಪಟ್ಟು ಒಪ್ಪಿಕೊಂಡಿರುವ ನಮ್ಮ ಡ್ರೈವಿಂಗ್ ಅಕ್ಕನವರೇ, ಅವರಿಂದ ಕಾರು ಕಲಿತು, ಅದೇ ಕಾರುಗಳನ್ನು ಈಗ ಈ ಸಭಾಂಗಣದ ಹೊರಗೆ ಅಡ್ಡಾದಿಡ್ಡಿ ನಿಲ್ಲಿಸಿ ಬಂದಿರುವ ಸಭಿಕರೇ,

ಮೂವತ್ತೊಂದು ವರ್ಷ ಕಲಿಸಿದ ಅಕ್ಕನವರು ಇಂದು ನಿವೃತ್ತರಾಗುತ್ತಿದ್ದಾರೆ. ಅವರ ಬಗ್ಗೆ ಮಾತನಾಡಲು ಡ್ರೈವಿಂಗ್ ಶಾಲೆಗಳ ಸಂಘದವರು ನನ್ನನ್ನೇ ಆರಿಸಿದ್ದೇಕೆ? ನಾನು ಅವರ ಪ್ರತಿಸ್ಪರ್ಧಿ ಎಂಬ ಒಂದೇ ಕಾರಣಕ್ಕೆ. ವ್ಯಾಪಾರಿಯ ಗುಣವನ್ನು ಗಿರಾಕಿಗಿಂತ ಎದುರಂಗಡಿಯವನು ಚೆನ್ನಾಗಿ ಬಲ್ಲ. ಗಿರಾಕಿ ಬೇಕಾದಾಗ ಬಂದು ನೋಡುತ್ತಾನೆ. ಎದುರಂಗಡಿಯವನಿಗೆ ಅದನ್ನು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ.

ನೀರಿನ ಟ್ಯಾಂಕಿನ ಹಿಂದಿನ ಪುರಸಭೆಯ ಮೈದಾನ ನಿಮಗೆಲ್ಲ ಗೊತ್ತು. ಅಲ್ಲಿ ಡ್ರೈವಿಂಗ್ ಕಲಿಸಲು ನಾವಿಬ್ಬರೂ ಒಂದೇ ಕಾಲಕ್ಕೆ ಶುರುಮಾಡಿದೆವು. ಸರಿಯಾಗಿ ಹೇಳಬೇಕೆಂದರೆ ಅಕ್ಕನವರು ಮೂರು ವರ್ಷ ಮೊದಲು, ನಾನು ಮೂರು ವರ್ಷ ಆಮೇಲೆ. ಅವರ ಕಾರಿನ ಮೇಲೆ ಹಳದಿ ಬೋರ್ಡು, ನನ್ನದರ ಮೇಲೆ ನೀಲಿ. ನನ್ನ ಬೋರ್ಡು ದೊಡ್ಡದು. ಆದರೂ ಜನ ಹಳದಿ ಬೋರ್ಡಿನ ಕಡೆಗೇ ಹೋಗುತ್ತಿದ್ದರು. ಯಾಕೆ? ನಾನು ಬಹಳ ದಿನ ಈ ಪ್ರಶ್ನೆಗೆ ಉತ್ತರ ಹುಡುಕಿದೆ. ಉತ್ತರ ನನ್ನ ಕಿವಿಗೇ ಕೇಳುತ್ತಿತ್ತು. ನನ್ನ ಕಾರಿನಿಂದ, “ಕ್ಲಚ್ಚು, ಕ್ಲಚ್ಚು, ಎಷ್ಟು ಸಲ ಹೇಳೋದು” ಎಂಬ ಸ್ವರ ಇಡೀ ಮೈದಾನಕ್ಕೆ ಕೇಳಿಸುತ್ತಿತ್ತು. ಪಕ್ಕದ ಕಾರಿನಲ್ಲಿ ಅಕ್ಕನವರು, “ನಿಧಾನ ಕಣಮ್ಮ, ಗಾಡಿಗೇನೂ ಅವಸರ ಇಲ್ಲ” ಎನ್ನುತ್ತಿದ್ದರು. ನನ್ನ ಕಾರಿನಲ್ಲಿ ಕುಳಿತವರೂ ಆ ಮಾತನ್ನು ಕೇಳಿಸಿಕೊಂಡೇ ಗೇರು ಹಾಕುತ್ತಿದ್ದರು.

ಹೀಗಿರುವಾಗ ಪುರಸಭೆಗೆ ಯಾರೋ ಒಬ್ಬರು ಅರ್ಜಿ ಕೊಟ್ಟರು. ಸಾರ್ವಜನಿಕ ಮೈದಾನದಲ್ಲಿ ಶಿಸ್ತಿಲ್ಲ, ಅದನ್ನು ಅರ್ಹವಾದ ಒಂದೇ ಶಾಲೆಗೆ ಕೊಡಬೇಕು ಎಂದು. ಅರ್ಜಿ ಕೊಟ್ಟವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಆಗಿನ ಅಧ್ಯಕ್ಷರು ನನ್ನ ಬಳಿಯೇ ಕಾರು ಕಲಿತವರು ಎಂಬುದು ಕಾಕತಾಳೀಯ. ಈಗಿನ ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ಆಗ ತಾವು ಇನ್ನೂ ಸ್ಕೂಲಿಗೆ ಹೋಗುತ್ತಿದ್ದಿರಿ.

ಏಳು ದಿನದೊಳಗೆ ಮೈದಾನ ಬಿಡಬೇಕೆಂದು ಅಕ್ಕನವರಿಗೆ ನೋಟೀಸು ಬಂತು. ವಯಸ್ಸಾದ ತಾಯಿ, ಓದುವ ಇಬ್ಬರು ಮಕ್ಕಳು, ಅಷ್ಟೂ ಜನರ ಅನ್ನ ಆ ಒಂದು ಕಾರಿನ ಮೇಲಿತ್ತು. ಬೇರೆಯವರಾಗಿದ್ದರೆ ಅಳುತ್ತಿದ್ದರು, ಇಲ್ಲವೇ ಜಗಳ ತೆಗೆಯುತ್ತಿದ್ದರು. ಅಕ್ಕನವರು ತಮ್ಮ ಹದಿನೇಳು ಜನ ಶಿಷ್ಯೆಯರನ್ನು ಕರೆದುಕೊಂಡು ಹೋಗಿ ಪುರಸಭೆಯ ಮೆಟ್ಟಿಲ ಮೇಲೆ ಕುಳಿತರು. ಘೋಷಣೆ ಇಲ್ಲ, ಕೂಗಾಟ ಇಲ್ಲ. ಒಳಗೆ ಹೋಗುವವರು ದಾಟಿಕೊಂಡು ಹೋಗಬೇಕು, ಅಷ್ಟೇ. ಮಧ್ಯಾಹ್ನ ಆಗಿನ ಮುಖ್ಯಾಧಿಕಾರಿಗಳೇ ಹೊರಗೆ ಬಂದರು.

“ಏನಮ್ಮಾ, ಏನು ಬೇಕು ನಿಮಗೆ?”

“ಕಾರು ಓಡಿಸೋಕೆ ಬೇರೆ ಜಾಗ ತೋರಿಸಿ ಸಾರ್, ಅಲ್ಲಿಗೆ ಹೋಗ್ತೀವಿ. ಸಿಗೋ ತನಕ ಇಲ್ಲೇ ಕೂತಿರ್ತೀವಿ. ನಮಗೇನೂ ತೊಂದರೆ ಇಲ್ಲ.”

ಇದಕ್ಕೆ ಯಾವ ಕಾನೂನಿನಲ್ಲಿ ಉತ್ತರವಿದೆ? ಪುರಸಭೆ ತುರ್ತು ಸಭೆ ಕರೆದು ಹೊಸ ನಿರ್ಣಯ ಮಾಡಿತು. ಮೈದಾನದ ನಡುವೆ ಸುಣ್ಣದ ಗೆರೆ. ಈಚೆ ಅರ್ಧ ನೀಲಿ ಶಾಲೆಗೆ, ಆಚೆ ಅರ್ಧ ಹಳದಿ ಶಾಲೆಗೆ. ಒಂದು ಶಾಲೆಯ ವಾಹನ ಇನ್ನೊಂದರ ಭಾಗಕ್ಕೆ ಕಾಲಿಡಕೂಡದು. ವಾಹನಕ್ಕೆ ಕಾಲೆಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಗೆರೆ ಕಾಯಲು ಒಂದು ಸ್ಟೂಲು, ಒಂದು ಸೀಟಿ, ಒಬ್ಬ ಕಾವಲುಗಾರ.

ಆ ಗೆರೆಯನ್ನು ಮೊದಲು ದಾಟಿದವರು ಯಾರು ಗೊತ್ತೇ? ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿ. ಅವಳಿಗೆ ನಾನೇ ಕಲಿಸುತ್ತಿದ್ದೆ. ಐದನೆಯ ದಿನ ನಾನು ಏನೋ ಅಂದೆ. ಏನು ಅಂದೆ ಎಂಬುದು ನನಗೆ ಮರೆತಿದೆ, ಅವಳಿಗೆ ಮರೆತಿಲ್ಲ. ಎಂಜಿನ್ ಆರಿಸಿ, ಕೀಲಿಯನ್ನು ನನ್ನ ಕೈಗಿಟ್ಟು, ಇಳಿದು, ಗೆರೆ ದಾಟಿ ನಡೆದುಕೊಂಡೇ ಹೋಗಿ ಹಳದಿ ಬೋರ್ಡಿನ ಕಾರಿನಲ್ಲಿ ಕುಳಿತಳು. ನಾನು ಕಾವಲುಗಾರನ ಮುಖ ನೋಡಿದೆ. ಅವನು ಸೀಟಿ ಊದಲಿಲ್ಲ. ವಾಹನ ದಾಟಬಾರದೆಂದು ನಿರ್ಣಯದಲ್ಲಿತ್ತೇ ಹೊರತು ಹೆಂಡತಿ ದಾಟಬಾರದೆಂದು ಇರಲಿಲ್ಲ.

ಆದರೆ ಮಹನೀಯರೇ, ಲೈಸೆನ್ಸ್ ಪರೀಕ್ಷೆಯಲ್ಲಿ ಕಾರು ಓಡಿಸಿ ಎಂಟರ ಅಂಕಿ ಹೊಡೆಯಬೇಕು. ಎರಡು ಸೊನ್ನೆ ಒಂದರ ಮೇಲೊಂದು ಕೂತಂತಿರುವ ಎಂಟು. ಅರ್ಧ ಮೈದಾನದಲ್ಲಿ ಎಂಟಕ್ಕೆ ಜಾಗವಿಲ್ಲ, ಸೊನ್ನೆಗೆ ಮಾತ್ರ ಇದೆ. ನಾವಿಬ್ಬರೂ ಎರಡು ತಿಂಗಳು ಸೊನ್ನೆ ಕಲಿಸಿದೆವು. ಪರೀಕ್ಷೆಯ ದಿನ ನನ್ನವರು ಹನ್ನೊಂದು ಜನ ಫೇಲು, ಅವರವರು ಒಂಬತ್ತು ಜನ. ಸುತ್ತು ಮುಗಿಸಿದ ನನ್ನ ಶಿಷ್ಯನೊಬ್ಬ ಇನ್ಸ್‌ಪೆಕ್ಟರನ್ನೇ, “ಇನ್ನೊಂದು ಸೊನ್ನೆ ಎಲ್ಲಿದೆ ಸಾರ್?” ಎಂದು ಕೇಳಿದನಂತೆ.

ಮರುದಿನ ಬೆಳಿಗ್ಗೆ ಅಕ್ಕನವರು ನನ್ನ ಡ್ರೈವಿಂಗ್ ಶಾಲೆಯ ಅಂಗಡಿಗೆ ಬಂದರು. ಒಂದೇ ಮೈದಾನದಲ್ಲಿ ಅಷ್ಟು ವರ್ಷ ಇದ್ದೂ ನಾವು ಒಂದು ಮಾತೂ ಆಡಿರಲಿಲ್ಲ. ನಾನು ಕುರ್ಚಿಯ ಮೇಲಿನ ಟಯರು ಎತ್ತಿಟ್ಟು, “ಕೂತ್ಕೊಳ್ಳಿ” ಎಂದೆ. ಅವರು ಕೂರಲಿಲ್ಲ.

“ಮೇಷ್ಟ್ರೇ, ನಾವಿಬ್ರೂ ಹೊಡೆದಾಡ್ಕೊಂಡು ಕಲಿಯೋರ ಹೊಟ್ಟೆ ಮೇಲೆ ಹೊಡೀತಿದ್ದೀವಿ. ಬೆಳಿಗ್ಗೆ ಪೂರ್ತಿ ಮೈದಾನ ನನಗಿರಲಿ, ಸಂಜೆ ನಿಮಗಿರಲಿ.”

“ನಿರ್ಣಯ ಆಗಿದೆಯಲ್ಲ?” ಎಂದೆ.

“ನಿರ್ಣಯ ಓದಿದ್ದೀರಾ? ಒಂದು ಶಾಲೆ ಗಾಡಿ ಇನ್ನೊಂದರ ಕಡೆ ಹೋಗಬಾರದು ಅಂತಿದೆ. ಎರಡೂ ಶಾಲೆಗೆ ಸೇರಿದ ಗಾಡಿ ಹೋಗಬಾರದು ಅಂತ ಎಲ್ಲಿದೆ?”

ಅಂದು ಸಂಜೆಯೇ ಎರಡೂ ಕಾರುಗಳ ಮೇಲೆ ಎರಡೆರಡು ಬೋರ್ಡು ಬಂತು, ಒಂದು ಹಳದಿ, ಒಂದು ನೀಲಿ. ಕಾವಲುಗಾರ ಸೀಟಿಯನ್ನು ಬಾಯಿಗಿಟ್ಟ, ತೆಗೆದ, ಮತ್ತೆ ಇಟ್ಟ, ಕೊನೆಗೆ ಜೇಬಿಗೆ ಹಾಕಿಕೊಂಡ. ‘ಸದರಿ ವಾಹನಗಳು ಯಾರವು’ ಎಂದು ಪುರಸಭೆಯಿಂದ ಪತ್ರ ಬಂತು. ಅಕ್ಕನವರು ‘ಇಬ್ಬರವು’ ಎಂದು ಒಂದೇ ಪದದ ಉತ್ತರ ಬರೆದರು. ಕೆಳಗೆ ನಾನೂ ಸಹಿ ಹಾಕಿದೆ. ಆ ಪದವನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ತಿಳಿಯದೆ ಕಚೇರಿ ಸುಮ್ಮನಾಯಿತು. ಒಂದು ತಿಂಗಳೊಳಗೆ ಕಲಿಯುವವರ ಚಕ್ರಗಳೇ ಆ ಗೆರೆಯನ್ನು ಅಳಿಸಿಹಾಕಿದವು.

ಎಷ್ಟು ಸಣ್ಣ ವಿಷಯ ಎಷ್ಟು ದೊಡ್ಡದಾಯಿತು ನೋಡಿ. ನನ್ನ ಅರ್ಜಿಯಲ್ಲಿ ಇದ್ದದ್ದು ಮೂರೇ ಸಾಲು. ಅದರಿಂದ ಇಷ್ಟೆಲ್ಲ...

ಬಾಯಿ ತಪ್ಪಿ ಬಂದೇಬಿಟ್ಟಿತು. ಬರೆದು ತಂದ ನಾಲ್ಕು ಹಾಳೆಯಲ್ಲಿ ಈ ಮಾತು ಇರಲಿಲ್ಲ. ಹೌದು, ಅರ್ಜಿ ಕೊಟ್ಟವನು ನಾನೇ. ಅಕ್ಕನವರ ಮನೆಯ ಕಷ್ಟ ಗೊತ್ತಿದ್ದೂ ಕೊಟ್ಟೆ. ಆಗಿನ ಅಧ್ಯಕ್ಷರ ಮನೆಗೆ ನಾನೇ ಹೋಗಿ ಕೊಟ್ಟು ಬಂದೆ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಅದಕ್ಕೇ ನನ್ನ ಹೆಂಡತಿಯಿಂದ ಶುದ್ಧ ಪ್ರತಿ ಬರೆಸಿದ್ದೆ. ಅಕ್ಕನವರೇ, ಇಷ್ಟು ವರ್ಷ ಇದನ್ನು ನಿಮಗೆ ಹೇಳದೆ ಮುಚ್ಚಿಟ್ಟಿದ್ದೆ. ಈ ಸಭೆಯ ಮುಂದೆ ನಿಮ್ಮ ಕ್ಷಮೆ ಕೇಳುತ್ತೇನೆ.

ಅಕ್ಕನವರು ನಗುತ್ತಿದ್ದಾರೆ. ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿಯೂ ನಗುತ್ತಿದ್ದಾಳೆ. ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದಾರೆ. ಅಂದರೆ... ಅಂದು ನನ್ನ ಕಾರಿನಿಂದ ಇಳಿದು ಹೋದವಳು ಹಳದಿ ಬೋರ್ಡಿನ ಕಾರಿನಲ್ಲಿ ಬರೀ ಗೇರು ಕಲಿಯಲಿಲ್ಲ, ಅರ್ಜಿಯ ಕಥೆಯನ್ನೂ ಹೇಳಿದ್ದಳು ಎಂದಾಯಿತು.

ಹಾಗಾದರೆ ಅಕ್ಕನವರೇ, ನನ್ನ ಅಂಗಡಿಗೆ ಬಂದ ದಿನವೇ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಬಂದಿರಿ. ಗೊತ್ತಿದ್ದೂ ನನ್ನನ್ನು ‘ಮೇಷ್ಟ್ರೇ’ ಎಂದು ಕರೆದಿರಿ. ಒಂದು ಲೋಟ ನೀರು ಕೊಡಿ.

ಕೊನೆಯದಾಗಿ ಒಂದು ಮಾತು. ಕಲಿಕೆ ಅರ್ಧಕ್ಕೆ ನಿಂತಿರುವ ತಮ್ಮ ಆರು ಜನರನ್ನು ಅಕ್ಕನವರು ನನಗೆ ಒಪ್ಪಿಸಿ, ಒಂದು ಪಟ್ಟಿ ಕೊಟ್ಟಿದ್ದಾರೆ. ಒಂದು ಹೆಸರಿನ ಮುಂದೆ ‘ರಿವರ್ಸ್ ಅಂದ್ರೆ ಭಯ’ ಎಂದಿದೆ. ಇನ್ನೊಂದರ ಮುಂದೆ ‘ಮಾತಾಡ್ತಾ ಇದ್ರೆ ಚೆನ್ನಾಗಿ ಓಡಿಸ್ತಾರೆ’ ಎಂದಿದೆ. ಆರನೆಯ ಹೆಸರಿನ ಮುಂದೆ, ‘ಇವರಿಗೆ ಯಾವ ಭಯಾನೂ ಇಲ್ಲ, ಮೇಷ್ಟ್ರು ಹುಷಾರಾಗಿರಲಿ’ ಎಂದಿದೆ. ನಾಳೆ ಆರೂವರೆಗೆ ಮೊದಲ ಪಾಠ ಆ ಆರನೆಯವರಿಗೇ. ನನಗೆ ಒಳ್ಳೆಯದಾಗಲಿ ಎಂದು ಹಾರೈಸಿ.

ಕೇಳಿದ್ದಕ್ಕೆ, ನಕ್ಕಿದ್ದಕ್ಕೆ, ನನ್ನನ್ನು ಮೈಕಿನ ಮುಂದಿನಿಂದ ಎಳೆದು ಹಾಕದೆ ಇದ್ದದ್ದಕ್ಕೆ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.